ಹಿಮ ಬಿದ್ದರೆ ಬಿಲ್ಲುಬೇಟೆ ಸುಲಭವಾಗುತ್ತದಾ?

ಪ್ರಶ್ನೆ: ಸರ್, ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರೋ ಬಿಲ್ಲು) ಹಿಡಿದು ಉತ್ತರ ಅಮೆರಿಕದ ವೈಟ್‌ಟೇಲ್ ಜಿಂಕೆ ಬೇಟೆಗೆ ಹೋಗ್ತಿರೋದು ಇದು ಎರಡನೇ ವರ್ಷ. ಲೈಸೆನ್ಸ್ ಇದೆ, ಸೀಸನ್ ಇನ್ನೂ ಮುಗಿದಿಲ್ಲ. ಶನಿವಾರ ಸಂಜೆಯಿಂದ ಹಿಮ ಅಂತಿದ್ದಾರೆ. ರಕ್ತದ ಜಾಡು ಹಿಮದ ಮೇಲೆ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಸುಲಭ ಅಂತಾರೆ. ಹೌದಾ?

ಉತ್ತರ (ಬೇಟೆ ಗೈಡ್): ಹಿಮ ನಿಂತಿದ್ದರೆ ಹೌದು. ಬೀಳ್ತಾ ಇದ್ದರೆ ಅದೇ ಹಿಮ ರಕ್ತದ ಜಾಡು ಅಳಿಸುತ್ತದೆ.

ಬಾಣ ತಗುಲಿದ ಜಿಂಕೆ ನಿಂತಲ್ಲೇ ಬೀಳುವುದು ಅಪರೂಪ. ನೊರೆ ಬೆರೆತ ತಿಳಿಗೆಂಪು ರಕ್ತ ಕಂಡರೆ ಶ್ವಾಸಕೋಶಕ್ಕೆ ತಗುಲಿದೆ. 30 ನಿಮಿಷ ಕಾದು ಹೊರಡಿ. ಕಡುಗೆಂಪಾಗಿದ್ದರೆ ಲಿವರ್, ಸುಮಾರು 4 ಗಂಟೆ ಕಾಯಬೇಕು. ಹಸಿರು ರಸ, ನಾತ ಇದ್ದರೆ ಹೊಟ್ಟೆ. 8 ಗಂಟೆಗೂ ಜಾಸ್ತಿ. ಬೇಗ ಹೋದರೆ ಮಲಗಿದ ಜಿಂಕೆ ಎದ್ದು ದೂರ ಓಡುತ್ತದೆ. ಆದರೆ ಜೋರು ಹಿಮ ಒಂದೇ ಗಂಟೆಯಲ್ಲಿ ಎಲ್ಲವನ್ನೂ ಮುಚ್ಚಿಬಿಡಬಹುದು. ಹೋಗುವ ಹಾಗೂ ಇಲ್ಲ, ಕಾಯುವ ಹಾಗೂ ಇಲ್ಲ. ಅಂಥ ಹೊತ್ತಿನಲ್ಲಿ ನಾನಂತೂ ಬಾಣ ಬಿಡುವುದಿಲ್ಲ.

ಇನ್ನೊಂದು ಮಾತು. ಹಿಮದಲ್ಲಿ ಒಂದು ಹನಿ ರಕ್ತ ಹೀರಿ ಹರಡಿ ಹೆಬ್ಬೆರಳಗಲ ಕಾಣುತ್ತದೆ. ‘ಇಷ್ಟೊಂದು ರಕ್ತ, ಇಲ್ಲೇ ಬಿದ್ದಿರುತ್ತೆ’ ಅಂತ ಆತುರಪಡಬೇಡಿ.

ಪ್ರಶ್ನೆ: ಜಿಂಕೆ ಓಡಾಡೋದು ಯಾವಾಗ ಸರ್? ನಮ್ಮ ಹೆಜ್ಜೆ ಸದ್ದು ಅವಕ್ಕೆ ಕೇಳುತ್ತಾ?

ಉತ್ತರ: ಬಿರುಗಾಳಿಗೆ ಮುಂಚೆ ಹೊಟ್ಟೆ ತುಂಬಾ ಮೇಯುತ್ತವೆ. ಜೋರಾಗಿ ಬೀಳುವಾಗ ದಟ್ಟ ಪೈನ್ ಮರಗಳ ಕೆಳಗೆ ಮಲಗುತ್ತವೆ. ನಿಂತ ಮೇಲೆ ಹಸಿದು ಹೊರಬರುತ್ತವೆ. ಹೊಸ ಪುಡಿಹಿಮ ಸದ್ದು ನುಂಗುತ್ತದೆ. ಕರಗಿ ಮತ್ತೆ ಹೆಪ್ಪುಗಟ್ಟಿದ್ದು ಮಾತ್ರ ಹಪ್ಪಳ ಮುರಿದ ಹಾಗೆ. ಅದರ ಮೇಲೆ ನಡೆದು ಜಿಂಕೆ ಹತ್ತಿರ ಹೋಗುವ ಆಸೆ ಬಿಡಿ, ಕೂತು ಕಾಯಿರಿ.

ಪ್ರಶ್ನೆ: ಬಿಲ್ಲಿಗೆ ಏನಾದ್ರೂ ಜೋಪಾನ?

ಉತ್ತರ: ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ರಾತ್ರಿ ಬಿಲ್ಲನ್ನು ಬೆಚ್ಚಗಿನ ಕೋಣೆಯಲ್ಲಿಟ್ಟೆ. ಅದರ ಮೇಲೆ ಕೂತ ತೇವ ಬೆಳಗ್ಗೆ ಹೊರಗೆ ಹೋದ ಮೇಲೆ ಹೆಪ್ಪುಗಟ್ಟಿತು. ಹೆಣ್ಣು ಜಿಂಕೆಯೊಂದು 18 ಮೀಟರಿನಲ್ಲಿ ಬಂದು ನಿಂತಿತು. ಹೆದೆ ಎಳೆದು ನೋಡಿದರೆ ಪೀಪ್ ಸೈಟಿನ (ಗುರಿ ನೋಡಲು ಹೆದೆಯಲ್ಲಿ ಕೂರಿಸಿದ ಚಿಕ್ಕ ಬಳೆ) ತೂತಿನ ತುಂಬಾ ಹಿಮಗಟ್ಟಿ. ಏನೂ ಕಾಣಲಿಲ್ಲ. ಅದು ಬಾಲ ಎತ್ತಿ ಹೊರಟುಹೋಯಿತು.

ದಪ್ಪ ಜಾಕೆಟ್ ಹಾಕಿಕೊಂಡೇ ಅಭ್ಯಾಸ ಮಾಡಿ, ಹೆದೆ ತೋಳಿಗೆ ತಾಗಿದರೆ ಬಾಣ ಎತ್ತಲೋ ಹೋಗುತ್ತದೆ. ಬಾಣದ ಗರಿ ಬಿಳಿ ಬೇಡ, ಹಿಮದಲ್ಲಿ ಸಿಗುವುದಿಲ್ಲ.

ಪ್ರಶ್ನೆ: ಭಾನುವಾರ ಬೆಳಗ್ಗೆ ಹಿಮ ನಿಲ್ಲುತ್ತದಂತೆ.

ಉತ್ತರ: ಹಾಗಿದ್ರೆ ಭಾನುವಾರವೇ ಹೋಗಿ. ಬಿಲ್ಲನ್ನು ಶನಿವಾರ ರಾತ್ರಿ ಹೊರಗಿನ ಶೆಡ್ಡಿನಲ್ಲೇ ಬಿಡಿ.