ಅಪ್‌ಡೇಟ್: ಶಾಲೆ, ತರಗತಿ, ಸುತ್ತಾಟಗಳ ಹೊಂದಾಣಿಕೆಗೆ ಕೊನೆಗೂ ಫಲಿಸಿದ ಉಪಾಯ

ಶರತ್ಕಾಲದ ಆರಂಭದ ವಾರಗಳಲ್ಲಿ ಮಕ್ಕಳ ಶಾಲೆ, ಈಜು ಮತ್ತು ಸಂಗೀತ ತರಗತಿ, ವಾರಾಂತ್ಯದ ಸುತ್ತಾಟ ಇವೆಲ್ಲವನ್ನೂ ಹೊಂದಿಸುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಮೊಬೈಲ್ ಕ್ಯಾಲೆಂಡರ್ ನಮಗೆ ಒಗ್ಗಲಿಲ್ಲ, ಏಕೆಂದರೆ ಫೋನಿಲ್ಲದ ಮಕ್ಕಳಿಗೆ ಅದು ಕಾಣುತ್ತಲೇ ಇರಲಿಲ್ಲ. ಕೈಹಿಡಿದದ್ದು, ವಾರದ ಹಾಳೆಯೊಂದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಒಬ್ಬೊಬ್ಬರಿಗೂ ಒಂದೊಂದು ಬಣ್ಣ ಕೊಟ್ಟು, ನಿದ್ದೆಯ ಹೊತ್ತನ್ನು ಮೊದಲು ಗುರುತಿಸಿ ಉಳಿದದ್ದನ್ನು ಆಮೇಲೆ ತುಂಬಿರೆಂಬ ಸಲಹೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಬೇಕೆಂಬುದು ತಜ್ಞರ ಶಿಫಾರಸು. ಆ ಲೆಕ್ಕ ಹಿಡಿದು ತುಂಬಿದಾಗ ರಾತ್ರಿಯ ಸಂಗೀತ ತರಗತಿಗೆ ಜಾಗವೇ ಉಳಿಯದೆ, ಅದನ್ನು ಶನಿವಾರ ಬೆಳಿಗ್ಗೆಗೆ ಬದಲಿಸಿಕೊಂಡೆವು. ಸೆಪ್ಟೆಂಬರ್ ಕೊನೆಗೆ ಹಗಲು ಕಿರಿದಾಗುವುದರಿಂದ ಸುತ್ತಾಟವನ್ನೂ ಬೆಳಗಿನ ಹೊತ್ತಿಗೇ ಇಟ್ಟುಕೊಂಡದ್ದು ಒಳ್ಳೆಯದಾಯಿತು.

ನಾನು ನಿರೀಕ್ಷಿಸದಿದ್ದ ಸಂಗತಿಯೆಂದರೆ, ಕಿರಿಯ ಮಗಳು ಭಾನುವಾರ ಮಧ್ಯಾಹ್ನದ ಚೌಕದಲ್ಲಿ ತನ್ನ ಹಸಿರು ಪೆನ್ನಿನಿಂದ ‘ಏನೂ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಳು. ಮಕ್ಕಳಿಗೆ ಬಿಡುವು ಎಷ್ಟು ಬೇಕೆಂಬುದನ್ನು ಅವರನ್ನೇ ಕೇಳಬೇಕೆಂದು ನನಗೀಗ ದೃಢವಾಗಿ ಅನಿಸುತ್ತದೆ. ಈಜು ಸ್ಪರ್ಧೆಯ ದಿನಗಳು ಮಾತ್ರ ಇನ್ನೂ ಹೊಂದಿಕೆಯಾಗಿಲ್ಲ. ದಾರಿ ಕಂಡುಕೊಂಡವರು ದಯವಿಟ್ಟು ತಿಳಿಸಿ.