ಹನ್ನೊಂದು ಸೀಟಿ ಕೂಗಿದ್ರೂ ಕಡಲೆಬೇಳೆ ಬೇಯ್ತಿಲ್ಲ, ಹೋಳಿಗೆ ಹರೀತಿದೆ. ಸೀಗೆ ಹುಣ್ಣಿಮೆ ಒಳಗೆ ಸರಿ ಆಗ್ಬೇಕು

ಮಲ್ಲಿಗೆಮುಡಿ, ದಾವಣಗೆರೆ · ಶುಕ್ರವಾರ ರಾತ್ರಿ 9:12
ಅಳು ಬರೋದೊಂದು ಬಾಕಿ. ಆಯುಧಪೂಜೆಗೆ ಅರ್ಧ ಕೆಜಿ ಕಡಲೆಬೇಳೆ ಬೇಯಿಸೋಕೆ ಇಟ್ಟೆ. ಏಳು ಸೀಟಿ ಆದ್ಮೇಲೆ ಬೆರಳಲ್ಲಿ ಹಿಚುಕಿ ನೋಡಿದ್ರೆ ಮೇಲ್ಮೇಲೆ ಮೆತ್ತಗೆ, ಒಳಗೆ ಬಿಳಿ ಚುಕ್ಕಿ ಹಾಗೇ ಇದೆ. ಇನ್ನೂ ನಾಲ್ಕು ಕೂಗಿಸಿದೆ. ಬೆಲ್ಲ ಹಾಕಿ ರುಬ್ಬಿದ್ರೆ ಹೂರಣ ರವೆ ರವೆ. ಲಟ್ಟಿಸೋಕೆ ಹೋದ್ರೆ ಆ ನುಚ್ಚು ಕಣಕ ಹರ್ಕೊಂಡು ಹೊರಗೆ ಬರುತ್ತೆ, ಹಂಚಿಗೆ ಅಂಟಿ ಬೆಲ್ಲ ಸುಟ್ಟು ಮನೆತುಂಬ ಹೊಗೆ. ಇಪ್ಪತ್ತೆರಡರಲ್ಲಿ ಎಡೆಗೆ ಇಡೋ ಹಾಗೆ ಬಂದಿದ್ದು ಐದು. ಹದಿನೈದು ವರ್ಷದಿಂದ ಇದೇ ಕೈ, ಇದೇ ಅಳತೆ, ಅದೇ ಅಂಗಡಿ ಬೇಳೆ, ಅದೇ ಕುಕ್ಕರ್. ಏನೂ ಬದಲಾಗಿಲ್ಲ. ಮಂಗಳವಾರ ಸೀಗೆ ಹುಣ್ಣಿಮೆ, ಅತ್ತೆಮನೆ ಹೊಲಕ್ಕೆ, ಭೂಮಿತಾಯಿಗೆ ಚೆಲ್ಲೋ ಚರಗದ ಎಡೆ ಒಯ್ಯಬೇಕು. ಗೊತ್ತಿರೋರು ದಯವಿಟ್ಟು ಹೇಳಿ.

ಕುಕ್ಕರ್‌ರಿಪೇರಿ, ಚಿತ್ರದುರ್ಗ · ಶುಕ್ರವಾರ ರಾತ್ರಿ 9:31
ಗ್ಯಾಸ್ಕೆಟ್. ಬೇರೆ ಏನೂ ಅಲ್ಲ. ರಬ್ಬರ್ ಸಡಿಲ ಆದ್ರೆ ಹಬೆ ಪಕ್ಕದಿಂದ ಸೋರುತ್ತೆ, ಒಳಗೆ ಒತ್ತಡ ಏರಲ್ಲ. ಕುಕ್ಕರ್ ಸರಿಯಾಗಿದ್ರೆ ಒಳಗಿನ ಶಾಖ ಹೆಚ್ಚೂಕಮ್ಮಿ 120 ಡಿಗ್ರಿ ಮುಟ್ಟುತ್ತೆ. ತುಂಬಾ ಸೋರ್ತಿದ್ರೆ ಬರೀ ಮುಚ್ಚಳ ಮುಚ್ಚಿದ ಪಾತ್ರೆ ಅಷ್ಟೇ. ಸೀಟಿ ಲೆಕ್ಕ ನಂಬಬೇಡಿ, ಸ್ವಲ್ಪ ಸೋರೋ ಕುಕ್ಕರೂ ಕೂಗುತ್ತೆ.

ಒರಳುಕಲ್ಲು, ಹರಿಹರ · ಶುಕ್ರವಾರ ರಾತ್ರಿ 9:50
ಹೋಳಿಗೆ ಬೇಳೆನ ಕುಕ್ಕರಿಗೆ ಹಾಕೋದೇ ತಪ್ಪು ಕಣವ್ವ. ದೊಡ್ಡ ಪಾತ್ರೇಲಿ ನೀರು ಮರಳಿದ ಮೇಲೆ ಬೇಳೆ ಬಿಡಬೇಕು, ಮುಂದೇನೇ ನಿಂತು ಬೇಯಿಸಬೇಕು. ಕಾಳು ಇಡಿಯಾಗೇ ಇರಬೇಕು, ಹೆಬ್ಬೆರಳಿಗೆ ಸಿಕ್ಕರೆ ಬೆಣ್ಣೆ ಆಗಬೇಕು. ಕುಕ್ಕರಲ್ಲಿ ಒಂದೋ ಮುದ್ದೆ ಆಗುತ್ತೆ, ಇಲ್ಲ ನಿನಗಾದ ಹಾಗೆ ಆಗುತ್ತೆ. ಪಾತ್ರೇಲಾದ್ರೆ ಬಸಿದ ಕಟ್ಟೂ ತಿಳಿಯಾಗಿ ಬರುತ್ತೆ. ಆ ಕಟ್ಟಿನ ಸಾರು ಇಲ್ದೆ ಹೋಳಿಗೆ ಊಟ ಊಟವೇ ಅಲ್ಲ.

ಮಲ್ಲಿಗೆಮುಡಿ · ಶುಕ್ರವಾರ ರಾತ್ರಿ 10:05
ಗ್ಯಾಸ್ಕೆಟ್ ಎರಡು ತಿಂಗಳ ಹಿಂದೆ ತಾನೇ ಹೊಸದು ಹಾಕ್ಸಿದೀನಿ. ಪಾತ್ರೇಲಿ ನಾಳೆ ನೋಡ್ತೀನಿ ಅಮ್ಮ.

ಕುಕ್ಕರ್‌ರಿಪೇರಿ, ಚಿತ್ರದುರ್ಗ · ಶುಕ್ರವಾರ ರಾತ್ರಿ 10:09
ಹೊಸದು ಅಂದ್ರೆ ಅದೇ ಅಳತೆದು ತಾನೇ? 5 ಲೀಟರಿಗೆ 3 ಲೀಟರಿಂದು ಎಳೆದು ಕೂರಿಸಿರೋದನ್ನ ದಿನಾ ನೋಡ್ತೀನಿ. ಮುಚ್ಚಳದ ಸುತ್ತ ಒದ್ದೆ ಬೆರಳು ಆಡಿಸಿ, ಎಲ್ಲಿ ಹಬೆ ತಾಗುತ್ತೆ ಹೇಳಿ. ವೆಯ್ಟ್ ಕೂರೋ ತೂತನ್ನೂ ಸೂಜಿ ಹಾಕಿ ತೆಗೀರಿ.

ಚಿರೋಟಿರವೆ, ದಾವಣಗೆರೆ · ಶುಕ್ರವಾರ ರಾತ್ರಿ 10:40
ಎಲ್ರೂ ಬೇಳೆ ಹಿಂದೆ ಬಿದ್ದಿದೀರಿ, ಕಣಕ ಏನ್ರಿ? ಮೈದಾ ಹಾಕ್ತೀರಾ? ಚಿರೋಟಿ ರವೆ ಹಾಕಿ ನೋಡ್ರಿ. ನೀರು ಹಾಕಿ ಸಡಿಲವಾಗಿ ಕಲಸಿ, ಎಣ್ಣೇಲಿ ಮುಳುಗ್ಸಿ, ಎರಡು ತಾಸು ಬಿಟ್ಟು ಚೆನ್ನಾಗಿ ನಾದಿದ್ರೆ ರಬ್ಬರ್ ಥರ ಎಳೆ ಬರುತ್ತೆ. ಹೂರಣ ಎಷ್ಟು ಮೆತ್ತಗಿರುತ್ತೋ ಕಣಕಾನೂ ಅಷ್ಟೇ ಮೆತ್ತಗಿರಬೇಕು. ಒಂದು ಗಟ್ಟಿ ಒಂದು ಸಡಿಲ ಆದ್ರೆ ಹರಿಯೋದೇ.

ಒರಳುಕಲ್ಲು, ಹರಿಹರ · ಶುಕ್ರವಾರ ರಾತ್ರಿ 10:52
ಮೈದಾನೂ ಬೇಡ ಚಿರೋಟಿನೂ ಬೇಡ. ಗೋಧಿ ಹಿಟ್ಟನ್ನ ಬಟ್ಟೇಲಿ ಸೋಸಿದ್ರೆ ಸಾಕು. ನಮ್ಮತ್ತೆ ಕಾಲದಿಂದ ಅದೇ. ಮೈದಾ ಹೋಳಿಗೆ ಮರುದಿನ ಚರ್ಮ ಆಗುತ್ತೆ.

ಚಿರೋಟಿರವೆ, ದಾವಣಗೆರೆ · ಶುಕ್ರವಾರ ರಾತ್ರಿ 10:58
ನಾನು ಮೈದಾ ಅಂದೇ ಇಲ್ಲ ಅಮ್ಮಾ, ಚಿರೋಟಿ ಅಂದೆ. ನಮ್ಮ ಮನೆ ಒಬ್ಬಟ್ಟು ನಾಲ್ಕನೇ ದಿನಕ್ಕೂ ಮೆತ್ತಗಿರುತ್ತೆ.

ಒರಳುಕಲ್ಲು, ಹರಿಹರ · ಶುಕ್ರವಾರ ರಾತ್ರಿ 11:03
ದಾವಣಗೆರೇಲಿ ಕೂತು ಒಬ್ಬಟ್ಟು ಅನ್ನೋರನ್ನ ಇವತ್ತೇ ನೋಡಿದ್ದು. ಇಲ್ಲಿ ಹೋಳಿಗೆ.

ಚಿರೋಟಿರವೆ, ದಾವಣಗೆರೆ · ಶುಕ್ರವಾರ ರಾತ್ರಿ 11:06
ನನ್ನ ತವರು ತುಮಕೂರು ಕಡೆ. ನಾವು ಒಬ್ಬಟ್ಟು ಅಂತೀವಿ, ಅಂತಾನೇ ಇರ್ತೀವಿ.

ಬೆಣ್ಣೆನಗರಿ · ಶನಿವಾರ ಬೆಳಿಗ್ಗೆ 7:20
ಹಳೇ ಬೇಳೆ ಇರ್ಬೇಕು. ಬೇಸಿಗೆ, ಮಳೆಗಾಲ ಎರಡೂ ಗೋಡೌನಲ್ಲಿ ಕಳೆದ ಬೇಳೆ ಸೆಕೆ ತೇವಕ್ಕೆ ಸಿಕ್ಕು ಕಲ್ಲಾಗುತ್ತೆ, ಎಷ್ಟು ಕುದಿಸಿದ್ರೂ ಅಷ್ಟೇ. ಅದೇ ಅಂಗಡಿ ಅಂದ ಮಾತ್ರಕ್ಕೆ ಅದೇ ಮೂಟೆ ಅಲ್ಲ. ಬೇರೆ ಕಡೆಯಿಂದ ಕಾಲು ಕೆಜಿ ತಂದು ನೋಡಿ.
ಇನ್ನೊಂದು ವಿಷ್ಯ. ಬೆಲ್ಲಾನ ಬೇಳೆ ಪೂರ್ತಿ ಬೆಂದ ಮೇಲೆ ಹಾಕಿದ್ರಾ? ಮೊದಲೇ ಹಾಕಿದ್ರೆ ಬೇಳೆ ಅಲ್ಲಿಗೇ ನಿಲ್ಲುತ್ತೆ. ಗಾಣದ ಮನೇಲಿ ಬೆಲ್ಲ ತಿಳಿ ಆಗ್ಲಿ ಅಂತ ಸುಣ್ಣ ಹಾಕ್ತಾರಲ್ಲ, ಅದರದ್ದೂ ಪಾಲಿದೆ.

ಮಲ್ಲಿಗೆಮುಡಿ · ಶನಿವಾರ ಮಧ್ಯಾಹ್ನ 1:15
ಬೆಲ್ಲ ಕೊನೆಗೇ ಹಾಕಿದ್ದು. ಬೇರೆ ಅಂಗಡಿ ಬೇಳೆ ತಂದೆ. ಎರಡು ತಾಸು ನೆನೆಸಿ, ಒರಳುಕಲ್ಲು ಅಮ್ಮ ಹೇಳಿದ ಹಾಗೆ ಪಾತ್ರೇಲೇ ಇಟ್ಟೆ. ಒಂದೂವರೆ ತಾಸು ಕುದ್ದಿದೆ. ಇನ್ನೂ ಅದೇ ಬಿಳಿ ಚುಕ್ಕಿ. ಕುಕ್ಕರಿನ ಸುತ್ತ ಒದ್ದೆ ಬೆರಳೂ ಆಡಿಸಿ ನೋಡ್ದೆ, ಎಲ್ಲೂ ಹಬೆ ಇಲ್ಲ. ಕುಕ್ಕರ್, ಪಾತ್ರೆ ಎರಡರದ್ದೂ ಫೋಟೋ ಹಾಕ್ತಿದೀನಿ.

ಕುಕ್ಕರ್‌ರಿಪೇರಿ, ಚಿತ್ರದುರ್ಗ · ಶನಿವಾರ ಮಧ್ಯಾಹ್ನ 1:40
ಫೋಟೋ ನೋಡ್ದೆ. ಮುಚ್ಚಳದ ಅಂಚು ಒಂದು ಕಡೆ ಬಗ್ಗಿದ ಹಾಗಿದೆ. ಅಲ್ಲೇ ಸೋರ್ತಿರೋದು.

ಬೆಣ್ಣೆನಗರಿ · ಶನಿವಾರ ಮಧ್ಯಾಹ್ನ 1:44
ಪಾತ್ರೇಲೂ ಬೇಯ್ದೇ ಇದ್ದ ಮೇಲೆ ಮುಚ್ಚಳದ ಮಾತು ಯಾಕೆ ಅಣ್ಣಾ?

ಚಳ್ಳಕೆರೆಶೇಂಗಾ · ಶನಿವಾರ ಮಧ್ಯಾಹ್ನ 2:30
ಅಕ್ಕಾ, ಬೇಳೆ ತಂಟೆನೇ ಬೇಡ, ಶೇಂಗಾ ಹೋಳಿಗೆ ಮಾಡಿ. ಹೊಲಕ್ಕೆ ಒಯ್ಯೋಕೆ ಅದೇ ಸರಿ, ವಾರ ಇಟ್ಟರೂ ಕೆಡಲ್ಲ. ಸಣ್ಣ ಉರೀಲಿ ಶೇಂಗಾ ಹುರಿದು, ಆರಿಸಿ, ಅಂಗೈಲಿ ಉಜ್ಜಿ ಸಿಪ್ಪೆ ಊದಿ. ಮಿಕ್ಸಿನ ತಡೆತಡೆದು ತಿರುಗ್ಸಿ. ಒಂದೇ ಸಮ ಓಡ್ಸಿದ್ರೆ ಎಣ್ಣೆ ಬಿಟ್ಟು ಉಂಡೆಗಟ್ಟುತ್ತೆ. ಎರಡು ಪಾಲು ಪುಡಿಗೆ ಒಂದೂವರೆ ಪಾಲು ಬೆಲ್ಲ, ಚೂರು ಹುರಿದ ಎಳ್ಳಿನ ಪುಡಿ, ಏಲಕ್ಕಿ. ನೀರು ಚಿಮುಕಿಸಿ ಉಂಡೆ ಕಟ್ಟಿದ್ರೆ ಆಯ್ತು.
ನಮ್ಮದು ಮನೆ ಹೊಲದ ಶೇಂಗಾ, ಗಾಣದ ಎಣ್ಣೆ. ಬೇಯಿಸೋದು ಎರಡು ಬಾಯಿನ ಸೌದೆ ಒಲೆ ಮೇಲೆ, ಅಜ್ಜಿ ಕಾಲದ ಬೀಡಿನ ಹಂಚು. ಆ ಹಂಚಿನ ಮೇಲೆ ಹಾಕಿದ ಹೋಳಿಗೆ ಇವತ್ತಿನವರೆಗೆ ಅಂಟಿಲ್ಲ.

ಚಿರೋಟಿರವೆ, ದಾವಣಗೆರೆ · ಶನಿವಾರ ಮಧ್ಯಾಹ್ನ 2:52
ಬೀಡಿನ ಹಂಚು ನಮ್ಮಲ್ಲೂ ಎರಡಿದೆ, ಒಂದು ಹದಿನಾಲ್ಕು ಇಂಚಿಂದು. ಹೂರಣಕ್ಕೆ ಅಂತ್ಲೇ ಬೇರೆ ಗ್ರೈಂಡರ್ ಇಟ್ಟಿದೀನಿ, ದೋಸೆ ಹಿಟ್ಟಿನ ಹುಳಿ ತಾಗಬಾರ್ದು ಅಂತ.

ಚಳ್ಳಕೆರೆಶೇಂಗಾ · ಶನಿವಾರ ಮಧ್ಯಾಹ್ನ 3:05
ಗ್ರೈಂಡರ್ ಹೂರಣ ಬಿಸಿ ಆಗುತ್ತೆ. ನಮ್ಮಲ್ಲಿ ಇನ್ನೂ ರುಬ್ಬೋ ಕಲ್ಲೇ.

ನಿರ್ವಾಹಕ · ಶನಿವಾರ ಮಧ್ಯಾಹ್ನ 3:20
ಹಂಚು, ಗ್ರೈಂಡರ್, ಶೇಂಗಾ ಮಾತಿಗೆ ಬೇರೆ ಎಳೆ ಶುರು ಮಾಡಿದೀನಿ, ಅಲ್ಲಿ ಮುಂದುವರಿಸಿ. ಇಲ್ಲಿ ಬೇಳೆ ಮಾತ್ರ.

ವೇದಾವತಿದಂಡೆ, ಹಿರಿಯೂರು · ಶನಿವಾರ ಸಂಜೆ 6:48
ಮಲ್ಲಿಗೆಮುಡಿ ಅವರೇ, ನಿಮ್ಮ ಫೋಟೋನ ದೊಡ್ಡದು ಮಾಡಿ ನೋಡಿದೆ. ಕುಕ್ಕರಿನ ಒಳಗಡೆ, ನೀರು ನಿಲ್ಲೋ ಮಟ್ಟದಲ್ಲಿ ಸುತ್ತಲೂ ಒಂದು ಬಿಳಿ ಗೆರೆ ಇದೆ. ಪಾತ್ರೆ ತಳದಲ್ಲೂ ಸುಣ್ಣ ಬಳಿದ ಹಾಗೆ ಪೊರೆ. ಅಡುಗೆಗೆ ಯಾವ ನೀರು?

ಮಲ್ಲಿಗೆಮುಡಿ · ಶನಿವಾರ ಸಂಜೆ 7:02
ನೀರಾ? ಬೋರಿಂದು. ಜೂನಲ್ಲಿ ಹೊಸ ಮನೆಗೆ ಬಂದ್ವಿ, ಲೇಔಟಿಗೆ ಇನ್ನೂ ಕಾರ್ಪೊರೇಷನ್ ನಲ್ಲಿ ನೀರು ಬಂದಿಲ್ಲ. ಕುಡಿಯೋಕೆ ಮಾತ್ರ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀವಿ.

ಬೆಣ್ಣೆನಗರಿ · ಶನಿವಾರ ಸಂಜೆ 7:05
ಏನೂ ಬದಲಾಗಿಲ್ಲ ಅಂದ್ರಲ್ಲಾ ಅಕ್ಕಾ! ಮನೇನೇ ಬದಲಾಗಿದೆ.

ಮಲ್ಲಿಗೆಮುಡಿ · ಶನಿವಾರ ಸಂಜೆ 7:09
ಅಡುಗೆ ವಿಷಯದಲ್ಲಿ ಬದಲಾಗಿಲ್ಲ ಅಂದಿದ್ದು. ನೀರಿಗೂ ಬೇಳೆಗೂ ಸಂಬಂಧ ಇದೆ ಅಂತ ನಂಗೆ ಹೊಳೀಲೇ ಇಲ್ಲ. ಈಗ ಯೋಚಿಸಿದ್ರೆ, ಈ ಮನೆಗೆ ಬಂದ್ಮೇಲೆ ತೊಗರಿಬೇಳೆ ಸಾರೂ ಹಾಗೇ ಆಗಿದೆ. ಬೇಳೆ ಕೆಳಗೆ, ನೀರು ಮೇಲೆ. ಅಂಗಡಿಯವರ ಹತ್ರ ಜಗಳಾನೂ ಆಡಿ ಬಂದಿದೀನಿ.

ವೇದಾವತಿದಂಡೆ, ಹಿರಿಯೂರು · ಶನಿವಾರ ಸಂಜೆ 7:34
ಹಾಗಾದ್ರೆ ನೀರೇ. ಹಳೇ ಮನೇಲಿ ನಿಮಗೆ ಬರ್ತಿದ್ದಿದ್ದು ಕುಂದವಾಡ ಕೆರೆಯಲ್ಲಿ ತುಂಬಿಡೋ ಥರದ ನಾಲೆ ನೀರು, ಅದು ಮೆದು. ಬೋರ್ ನೀರು ಬಂಡೆ ಸಂದೀಲಿ ನಿಂತು ಸುಣ್ಣ ಹೀರಿರುತ್ತೆ. ಬೇಳೆ ಒಳಗಿನ ಕಣಗಳನ್ನ ಹಿಡ್ಕೊಂಡಿರೋ ಅಂಟು ಇದೆಯಲ್ಲ, ಪೆಕ್ಟಿನ್ ಅಂತಾರೆ, ಅದು ಕರಗಿದ್ರೇನೇ ಬೇಳೆ ಬಿರಿಯೋದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಆ ಅಂಟನ್ನ ಗಂಟು ಹಾಕಿ ಬಿಗಿದುಬಿಡುತ್ತೆ. ಆಮೇಲೆ ಉರಿ ಹಾಕಿದಷ್ಟೂ ಗ್ಯಾಸ್ ಖರ್ಚು.
ನನಗೆ ಗೊತ್ತಾಗಿದ್ದು ಹೇಗೆ ಅಂದ್ರೆ, ನಮ್ಮದು ತೋಟದ ಮನೇಲಿ ಬೋರು, ಊರೊಳಗಿನ ಮನೆಗೆ ಮಾರಿಕಣಿವೆ ಡ್ಯಾಮ್ ನೀರು. ಒಂದೇ ಮೂಟೆ ಬೇಳೆ ಊರಲ್ಲಿ ಮೂರು ಸೀಟಿಗೆ ಬೆಣ್ಣೆ, ತೋಟದಲ್ಲಿ ಎಂಟಕ್ಕೂ ಇಲ್ಲ. 2022ರಲ್ಲಿ ಕಣಿವೆ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಮೊದಲ ಸಲ, ಅವತ್ತು ನೆಂಟರೆಲ್ಲ ನೋಡೋಕೆ ಬಂದಿದ್ರು. ತೋಟದ ಮನೇಲಿ ಹೋಳಿಗೆ ಮಾಡೋಕೆ ಹೋಗಿ ನಿಮಗಾದ ಗತಿಯೇ ನಮಗೂ ಆಯ್ತು. ಕ್ಯಾನ್ ನೀರಲ್ಲಿ ಮಾಡಿ ನೋಡಿ.

ಕುಕ್ಕರ್‌ರಿಪೇರಿ, ಚಿತ್ರದುರ್ಗ · ಶನಿವಾರ ರಾತ್ರಿ 8:10
ದುರ್ಗದಲ್ಲಿ ಅರ್ಧ ಊರು ಬೋರ್ ನೀರಲ್ಲೇ ಬೇಳೆ ಬೇಯಿಸುತ್ತೆ. ಮುಚ್ಚಳ ಸರಿ ಮಾಡ್ಸಿ ಮೊದಲು.

ಒರಳುಕಲ್ಲು, ಹರಿಹರ · ಶನಿವಾರ ರಾತ್ರಿ 8:26
ನೀರಿನ ಮಾತು ನಿಜ ಇರಬಹುದವ್ವ. ನಮ್ಮ ಊರಲ್ಲಿ ಹಿಂದೆ ಸೇದೋ ಬಾವಿ ಎರಡಿದ್ವು. ಒಂದನ್ನ ಬೇಳೆ ಬಾವಿ ಅಂತಿದ್ರು, ಹಬ್ಬದ ದಿನ ಅಲ್ಲೇ ಸಾಲು. ಯಾಕೆ ಅಂತ ನಾವ್ಯಾರೂ ಕೇಳಿರಲಿಲ್ಲ.

ಮಲ್ಲಿಗೆಮುಡಿ · ಭಾನುವಾರ ಬೆಳಿಗ್ಗೆ 11:30
ಕ್ಯಾನ್ ನೀರಲ್ಲಿ ಬೇಯಿಸ್ದೆ. ಸ್ವಲ್ಪ ವಾಸಿ, ಆದ್ರೆ ಪೂರ್ತಿ ಇಲ್ಲ. ನುಚ್ಚು ಕಮ್ಮಿ ಆಗಿದೆ, ಹೋಗಿಲ್ಲ. ಮನಸ್ಸು ಕುಸಿದುಹೋಯ್ತು.

ಕುಕ್ಕರ್‌ರಿಪೇರಿ, ಚಿತ್ರದುರ್ಗ · ಭಾನುವಾರ ಬೆಳಿಗ್ಗೆ 11:34
ಹೇಳಿದ್ನಲ್ಲ.

ವೇದಾವತಿದಂಡೆ, ಹಿರಿಯೂರು · ಭಾನುವಾರ ಮಧ್ಯಾಹ್ನ 12:10
ನೆನೆಸಿದ್ದು ಯಾವ ನೀರಲ್ಲಿ?

ಮಲ್ಲಿಗೆಮುಡಿ · ಭಾನುವಾರ ಮಧ್ಯಾಹ್ನ 12:14
ಬೋರ್ ನೀರಲ್ಲಿ. ಆ ನೀರು ಚೆಲ್ಲಿ ಕ್ಯಾನ್ ನೀರು ಹಾಕಿದೆ.

ವೇದಾವತಿದಂಡೆ, ಹಿರಿಯೂರು · ಭಾನುವಾರ ಮಧ್ಯಾಹ್ನ 12:31
ಅಲ್ಲೇ ಆಗಿದ್ದು. ನೆನೆಯುವಾಗಲೇ ಬೇಳೆ ಆ ಸುಣ್ಣದ ನೀರು ಕುಡಿದುಬಿಟ್ಟಿರುತ್ತೆ. ಕೊನೆಯ ಸಲ ತೊಳೆಯೋದು, ನೆನೆಸೋದು, ಬೇಯಿಸೋದು ಮೂರೂ ಕ್ಯಾನ್ ನೀರಲ್ಲೇ ಆಗ್ಲಿ. ಗ್ಯಾಸ್ಕೆಟ್ ಅನುಮಾನವೂ ತೀರಲಿ, ಹೀಗೆ ಮಾಡಿ: ಎರಡು ಸಣ್ಣ ಸ್ಟೀಲ್ ಬಟ್ಟಲು, ಎರಡಕ್ಕೂ ಒಂದೊಂದು ಹಿಡಿ ಅದೇ ಬೇಳೆ. ಒಂದು ಪೂರ್ತಿ ಬೋರಿಂದು, ಇನ್ನೊಂದು ಪೂರ್ತಿ ಕ್ಯಾನಿಂದು. ಒಂದೇ ಕುಕ್ಕರೊಳಗೆ ಅಕ್ಕಪಕ್ಕ ಇಟ್ಟು ನಾಲ್ಕು ಸೀಟಿ ಕೂಗ್ಸಿ.

ಮಲ್ಲಿಗೆಮುಡಿ · ಭಾನುವಾರ ಸಂಜೆ 5:55
ಇಟ್ಟೆ. ನಾಲ್ಕೇ ಸೀಟಿ. ಮುಚ್ಚಳ ತೆಗೆದ ಕೂಡಲೇ ಕಣ್ಣಿಗೇ ಗೊತ್ತಾಯ್ತು. ಬೋರಿನ ಬಟ್ಟಲಲ್ಲಿ ಬೇಳೆ ಅಂಚು ಚೂಪಾಗಿ, ಹೊಳಪು ಹಾಗೇ ಇಟ್ಕೊಂಡು ಕೂತಿದೆ. ನೀರು ತಿಳಿ, ಮೇಲೊಂದು ತೆಳು ಬಿಳಿ ಪೊರೆ. ಕ್ಯಾನಿನ ಬಟ್ಟಲಲ್ಲಿ ಬೇಳೆ ಉಬ್ಬಿ ಅಂಚು ಒಡೆದಿದೆ, ಕಟ್ಟು ಹಳದಿಯಾಗಿ ಮಂದ ಆಗಿದೆ. ಎರಡು ಬೆರಳಲ್ಲಿ ಹಿಡಿದ್ರೆ ಸದ್ದಿಲ್ಲದೆ ಬೆಣ್ಣೆ. ಒಂದೇ ಕುಕ್ಕರ್, ಒಂದೇ ಉರಿ, ಒಂದೇ ಬೇಳೆ! ಅಡುಗೆಮನೇಲೇ ಕೂಗಿಬಿಟ್ಟೆ. ಸೋಮವಾರಕ್ಕೆ ಎರಡು ಕ್ಯಾನ್ ಹೇಳಿದೀನಿ. ಅಂಗಡಿಯವರಿಗೂ ತಪ್ಪಾಯ್ತು ಅಂತ ಹೇಳಿ ಬರ್ಬೇಕು.

ಕುಕ್ಕರ್‌ರಿಪೇರಿ, ಚಿತ್ರದುರ್ಗ · ಭಾನುವಾರ ಸಂಜೆ 6:20
ಫೋಟೋ ನೋಡ್ದೆ, ಒಪ್ಕೊಂಡೆ. ಆ ಬಿಳಿ ಪೊರೆ ವೆಯ್ಟಿನ ತೂತಲ್ಲೂ ಕಟ್ಟುತ್ತೆ, ಸೇಫ್ಟಿ ವಾಲ್ವಲ್ಲೂ ಕೂರುತ್ತೆ. ತೂತು ಕಟ್ಟಿಕೊಂಡ್ರೆ ಅಪಾಯ. ತಿಂಗಳಿಗೊಮ್ಮೆ ನಿಂಬೆಹಣ್ಣಿನ ಸಿಪ್ಪೆ ಹಾಕಿ ನೀರು ಕುದಿಸಿ ತೊಳೀರಿ. ಬಗ್ಗಿದ ಮುಚ್ಚಳಾನೂ ಬಿಡಬೇಡಿ.

ಜಗಳೂರಿನಿಂದ · ಸೋಮವಾರ ಬೆಳಿಗ್ಗೆ 6:30
ಇದೆಲ್ಲ ಓದಿದೆ. ನಮ್ಮ ಹಳ್ಳೀಲಿ ಘಟಕ ಕೆಟ್ಟು ತಿಂಗಳುಗಟ್ಟಲೆ ಆಗಿದೆ. ಇರೋದೇ ಬೋರು. ನಾವೇನು ಮಾಡೋದು? ಅಡುಗೆ ಸೋಡಾ ಹಾಕಿದ್ರೆ ಆಗುತ್ತಾ?

ಬೆಣ್ಣೆನಗರಿ · ಸೋಮವಾರ ಬೆಳಿಗ್ಗೆ 7:15
ಸೋಡಾ ಬೇಡ ರೀ. ಬೇಳೆಯಲ್ಲಿರೋ ಬಿ1 ಜೀವಸತ್ವ ಹಾಳಾಗುತ್ತೆ.

ವೇದಾವತಿದಂಡೆ, ಹಿರಿಯೂರು · ಸೋಮವಾರ ಬೆಳಿಗ್ಗೆ 7:48
ಹಾಳಾಗೋದು ನಿಜ. ಆದ್ರೆ ವರ್ಷಕ್ಕೆ ನಾಲ್ಕು ಹಬ್ಬದ ಹೋಳಿಗೆಗೆ ಅದರ ಚಿಂತೆ ಬೇಡ ಅನ್ಸುತ್ತೆ, ದಿನದ ಸಾರಿಗೆ ಹಾಕಬೇಡಿ ಅಷ್ಟೇ. ಅರ್ಧ ಕೆಜಿ ಬೇಳೆಗೆ ಕಾಲು ಚಮಚ, ಅದಕ್ಕಿಂತ ಒಂದು ಚಿಟಿಕೆನೂ ಜಾಸ್ತಿ ಬೇಡ. ಜಾಸ್ತಿ ಆದ್ರೆ ಸೋಪಿನ ವಾಸನೆ ಬರುತ್ತೆ, ಬಣ್ಣ ಕಂದುತ್ತೆ, ಕಟ್ಟಿನ ಸಾರು ಬಾಯಿಗೆ ಇಡೋ ಹಾಗಿರಲ್ಲ. ಅದಕ್ಕಿಂತ ಮೊದಲು ಇದನ್ನ ಮಾಡಿ ನೋಡಿ: ಇವತ್ತೇ ನೀರನ್ನ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ತಳದ ಬಿಳಿ ಗಸಿ ಬಿಟ್ಟು ಮೇಲಿನದ್ದು ಬಗ್ಗಿಸ್ಕೊಳ್ಳಿ. ಕುದಿಸಿದ್ರೆ ಹೋಗೋ ಗಡಸುತನ ಒಂದು ಥರದ್ದು, ಹೋಗದೇ ಇರೋದು ಇನ್ನೊಂದು ಥರದ್ದು. ನಿಮ್ಮ ಬೋರಲ್ಲಿ ಯಾವುದು ಜಾಸ್ತಿ ಅನ್ನೋದು ಗಸಿ ಎಷ್ಟು ಬಿತ್ತು ಅನ್ನೋದ್ರಲ್ಲೇ ತಿಳಿಯುತ್ತೆ. ಮಳೆ ನೀರು ಹಿಡಿದಿಟ್ಟಿದ್ರೆ ಅದಕ್ಕಿಂತ ಮೆದು ನೀರಿಲ್ಲ, ಸೋಸಿ ಕುದಿಸಿ ಬಳಸಿ.

ಮಲ್ಲಿಗೆಮುಡಿ · ಮಂಗಳವಾರ ರಾತ್ರಿ 8:40
ಹೊಲದಿಂದ ಈಗ ಬಂದ್ವಿ. ಮೂವತ್ತೊಂದು ಹೋಳಿಗೆ, ಹರಿದಿದ್ದು ಎರಡು, ಅವೂ ನನ್ನ ಅವಸರಕ್ಕೆ. ಚಿರೋಟಿ ರವೆ ಕಣಕಾನೇ ಮಾಡಿದ್ದು, ಎಳೆ ಚೆನ್ನಾಗಿ ಬಂತು. ಕಟ್ಟಿನ ಸಾರು, ಪುಂಡಿ ಪಲ್ಯ, ಮೊಸರು ಬುತ್ತಿ ಎಲ್ಲ ಬುಟ್ಟೀಲಿಟ್ಟು ಒಯ್ದಿದ್ವಿ. ಮೆಕ್ಕೆಜೋಳದ ಸಾಲಲ್ಲಿ ಪೂಜೆ ಮಾಡಿ ಅಲ್ಲೇ ಕೂತು ಉಂಡ್ವಿ. ಅತ್ತೆ ಹೋಳಿಗೆ ಮುರಿದು ಹೂರಣ ಬೆರಳಲ್ಲಿ ತೀಡಿ ನೋಡಿದ್ರು, ಇನ್ನೊಂದು ಹಾಕು ಅಂದ್ರು. ಎಲ್ರಿಗೂ ಕೈ ಮುಗೀತೀನಿ.

ಒರಳುಕಲ್ಲು, ಹರಿಹರ · ಮಂಗಳವಾರ ರಾತ್ರಿ 9:02
ಗೋಧಿ ಹಿಟ್ಟಲ್ಲೂ ಒಂದ್ಸಲ ಮಾಡಿ ನೋಡವ್ವ, ದೀಪಾವಳಿಗೆ.

ಜಗಳೂರಿನಿಂದ · ಮಂಗಳವಾರ ರಾತ್ರಿ 10:15
ಕುದಿಸಿಟ್ಟ ನೀರಲ್ಲಿ ತಳಕ್ಕೆ ಚೆನ್ನಾಗೇ ಗಸಿ ಬಿದ್ದಿತ್ತು. ಸೋಡಾ ಇಲ್ದೇ ಒಂಬತ್ತು ಸೀಟಿಗೆ ಬೆಂತು. ಮುಂಚೆ ಹದಿನೈದಕ್ಕೂ ಬೇಯ್ತಿರಲಿಲ್ಲ. ದೀಪಾವಳಿಗೆ ಚಕ್ಕುಲಿ ಹಿಟ್ಟು ಕಲಸೋಕೂ ಈ ನೀರೇ ಬೇಕಾ, ಬೋರಿಂದೇ ನಡೆಯುತ್ತಾ?