ಪದಚರ್ಚೆ: ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಬರುವ ‘ಬೇಲಿಫ್’ – ಅಮೀನ ಎನ್ನಬಹುದೇ? ಜಪ್ತಿ, ಮುಟ್ಟುಗೋಲು, ಸುಪರ್ದಿ ಇವುಗಳಲ್ಲಿ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕಾಗಿದೆ. ಓದುವವರು ಹೊಸದಾಗಿ ಹೋದ ವಿದ್ಯಾರ್ಥಿಗಳು, ಕೇರ್ ಹೋಮ್ ಮತ್ತು ಆಸ್ಪತ್ರೆಗಳಲ್ಲಿ ಕೆಲಸಕ್ಕಿರುವವರು, ಅವರ ಜೊತೆ ಹೋಗಿ ಇರುವ ತಂದೆ-ತಾಯಿ. ವಿಷಯ, ಕೌನ್ಸಿಲ್ ಟ್ಯಾಕ್ಸ್ ಬಾಕಿ ಉಳಿದಾಗ ಮನೆ ಬಾಗಿಲಿಗೆ ಬರುವ ಬೇಲಿಫ್. ಕೈಗೆ ಬಂದ ಕರಡಿನಲ್ಲಿ ‘ಪರಿಷತ್ ತೆರಿಗೆ’, ‘ಜಾರಿ ದಳ್ಳಾಳಿ’, ‘ಸರಕು ನಿಯಂತ್ರಣ ಒಪ್ಪಂದ’, ‘ದುರ್ಬಲ ವ್ಯಕ್ತಿ’ ಎಂದೆಲ್ಲ ಇದೆ. ಓದಿದರೆ ನನಗೇ ಅರ್ಥವಾಗುತ್ತಿಲ್ಲ. ಬೇಲಿಫ್‌ಗೆ ನಮ್ಮ ಕೋರ್ಟುಗಳಿಂದ ಜಪ್ತಿಗೆ ಬರುವ ‘ಅಮೀನ’ ಸರಿಹೋಗುತ್ತದೆಯೇ? ಬಾಕಿಗೆ ಹೊಣೆ ನೀವೇ ಎಂದು ಅಲ್ಲಿನ ಕೋರ್ಟು ಕೊಡುವ ಲಯಬಿಲಿಟಿ ಆರ್ಡರನ್ನು ‘ಡಿಕ್ರಿ’ (ಸಿವಿಲ್ ಕೋರ್ಟಿನ ತೀರ್ಪು) ಎನ್ನಬಹುದೇ? ಅಲ್ಲಿನ ಕ್ರಮ ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ಮೇಡಂ, ಮೊದಲು ತೆರಿಗೆಯ ಹೆಸರನ್ನು ಇತ್ಯರ್ಥ ಮಾಡಿಕೊಳ್ಳಿ. ‘ಪರಿಷತ್’ ಎಂದರೆ ನಮ್ಮವರಿಗೆ ವಿಧಾನ ಪರಿಷತ್ತು, ಇಲ್ಲದಿದ್ದರೆ ಸಾಹಿತ್ಯ ಪರಿಷತ್ತು. ‘ಮನೆ ಕಂದಾಯ’ ಎಂದು ಬರೆಯಲು ಕೈ ತುರಿಸುತ್ತದೆ, ಆದರೆ ಅದು ಇನ್ನೂ ಅಪಾಯ. ನಮ್ಮೂರಲ್ಲಿ ಮನೆ ಕಂದಾಯ ಮಾಲೀಕನ ಹೊಣೆ, ಬಾಡಿಗೆದಾರ ಅದರ ಗೊಡವೆಗೆ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಸಾಮಾನ್ಯವಾಗಿ ಆ ಮನೆಯಲ್ಲಿ ವಾಸ ಇರುವವರ ಮೇಲೆ ಬೀಳುತ್ತದೆ. ಕೋಣೆಗೊಬ್ಬರಂತೆ ಬಿಡಿಬಿಡಿಯಾಗಿ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಮಾತ್ರ ಮಾಲೀಕನಿಗೆ ಹೋಗುತ್ತದೆ. ‘ಕಂದಾಯ ಓನರ್ ಕಟ್ಟುತ್ತಾರೆ’ ಎಂದು ಪತ್ರಗಳನ್ನು ಬಿಡಿಸದೆ ಎತ್ತಿಟ್ಟವರ ಮನೆಗೇ ಬೇಲಿಫ್ ಬರುವುದು ಹೆಚ್ಚು. ಹಾಗಾಗಿ ‘ಕೌನ್ಸಿಲ್ ಟ್ಯಾಕ್ಸ್’ ಎಂದೇ ಬರೆದು, ‘ವಾಸದ ಮನೆಗೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆ, ಬಾಡಿಗೆಗಿದ್ದರೂ ಕಟ್ಟಬೇಕು’ ಎಂದು ಒಂದು ಸಾಲು ಸೇರಿಸಿ.

ವಿದ್ಯಾರ್ಥಿಗಳಿಗೆ ಇನ್ನೆರಡು ಸಾಲು ಬೇಕು. ಪೂರ್ಣಾವಧಿ ವಿದ್ಯಾರ್ಥಿಗಳಷ್ಟೇ ಇರುವ ಮನೆಗೆ ವಿನಾಯಿತಿ ಉಂಟು. ಆದರೆ ಅದು ತಾನಾಗಿ ಬರುವುದಿಲ್ಲ, ವಿಶ್ವವಿದ್ಯಾಲಯದಿಂದ ಪ್ರಮಾಣಪತ್ರ ತೆಗೆದು ಕೌನ್ಸಿಲ್‌ಗೆ ಕಳಿಸಬೇಕು. ಕೋರ್ಸ್ ಮುಗಿದೊಡನೆ ವಿನಾಯಿತಿಯೂ ಮುಗಿಯಿತು. ಒಬ್ಬರೇ ವಯಸ್ಕರಿದ್ದರೆ 25 ಶೇಕಡಾ ರಿಯಾಯಿತಿ, ಅದಕ್ಕೂ ಅರ್ಜಿ ಹಾಕಲೇಬೇಕು. ಇಲ್ಲಿ ‘ರಿಯಾಯಿತಿ’ ಮತ್ತು ‘ನೆರವು’ ಎಂಬ ಎರಡು ಪದ ಬೆರೆಸಬೇಡಿ. ಒಬ್ಬರಿಗೆ ಸಿಗುವ ರಿಯಾಯಿತಿಯನ್ನು ವೀಸಾ ನಿಯಮ ಸರ್ಕಾರಿ ನೆರವೆಂದು ಎಣಿಸುವುದಿಲ್ಲ. ಕಡಿಮೆ ವರಮಾನದವರಿಗೆ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ನೆರವು ಪಡೆಯಬಾರದೆಂಬ ಷರತ್ತಿನ ವೀಸಾದಲ್ಲಿರುವವರು ಎರಡನೆಯದನ್ನು ಕೇಳಿದರೆ ತೊಂದರೆ.

ಇನ್ನು ಬಾಕಿಯ ಕಥೆ. ‘ಕಂತು’ ಚೆನ್ನಾಗಿದೆ, ಹಾಗೇ ಇಡಿ. ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ 10 ಕಂತು. ಕೇಳಿಕೊಂಡರೆ 12 ಮಾಡಿಕೊಡುತ್ತಾರೆ. ಒಂದು ಕಂತು ತಪ್ಪಿದರೆ ಜ್ಞಾಪನಾ ಪತ್ರ ಬರುತ್ತದೆ, 7 ದಿನದೊಳಗೆ ಕಟ್ಟಬೇಕು. ಕಟ್ಟದೆ ಇನ್ನೊಂದು 7 ದಿನ ಕಳೆಯಿತೆಂದರೆ ಕಂತಿನ ಸೌಲಭ್ಯ ಹೋಗಿ, ಇಡೀ ವರ್ಷದ ಉಳಿಕೆ ಒಮ್ಮೆಗೇ ಬಾಕಿಯಾಗುತ್ತದೆ. ಕರಡಿನಲ್ಲಿ ಈ ಅಂಶ ಎಲ್ಲೂ ಕಾಣಲಿಲ್ಲ. ನೂರೈವತ್ತು ಪೌಂಡಿನ ಕಂತು ತಪ್ಪಿಸಿದವರಿಗೆ ಸಾವಿರ ಚಿಲ್ಲರೆಯ ಸಮನ್ಸ್ ಬರುವುದು ಇದರಿಂದಲೇ.

ಸಮನ್ಸ್ ಬರುವುದು ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ. ನಮ್ಮ ಕಿವಿಗೆ ಅದು ಕ್ರಿಮಿನಲ್ ಕೋರ್ಟು, ಓದಿದವರ ಎದೆ ಧಸಕ್ಕೆನ್ನುತ್ತದೆ. ಪಕ್ಕದಲ್ಲೇ ‘ಇದು ಕ್ರಿಮಿನಲ್ ಕೇಸಲ್ಲ’ ಎಂದು ದಪ್ಪಕ್ಷರದಲ್ಲಿ ಹಾಕಿ. ಅಲ್ಲಿ ‘ನನ್ನ ಹತ್ತಿರ ದುಡ್ಡಿಲ್ಲ’ ಎನ್ನುವುದು ತಕರಾರಾಗಿ ನಿಲ್ಲುವುದಿಲ್ಲ. ಆಗಲೇ ಕಟ್ಟಿದ್ದೇನೆ, ಆ ಅವಧಿಯಲ್ಲಿ ನಾನು ಹೊಣೆಗಾರನಲ್ಲ, ನೋಟಿಸನ್ನು ಸರಿಯಾಗಿ ಕೊಟ್ಟಿಲ್ಲ – ಇಂಥವು ನಿಲ್ಲುತ್ತವೆ. ಕೋರ್ಟು ಕೊಡುವ ಲಯಬಿಲಿಟಿ ಆರ್ಡರಿಗೆ ‘ಹೊಣೆ ಆದೇಶ’ ಸಾಕು. ‘ಡಿಕ್ರಿ’ ಬೇಡ. ಅಲ್ಲಿ ಕೌಂಟಿ ಕೋರ್ಟಿನ ತೀರ್ಪೆಂಬುದು ಬೇರೆಯೇ ಇದೆ, ಅದು ಕ್ರೆಡಿಟ್ ದಾಖಲೆಗೆ ಹತ್ತುತ್ತದೆ. ಹೊಣೆ ಆದೇಶ ಹತ್ತುವುದಿಲ್ಲ. ಡಿಕ್ರಿ ಎಂದರೆ ಓದುಗ ಎರಡನ್ನೂ ಒಂದೇ ಎಂದುಕೊಳ್ಳುತ್ತಾನೆ.

ಈ ಆದೇಶ ಕೈಗೆ ಬಂದ ಮೇಲೆ ಕೌನ್ಸಿಲ್‌ಗೆ ಹಲವು ದಾರಿ. ಸಂಬಳದಲ್ಲಿ ಹಿಡಿಯಬಹುದು, ಸರ್ಕಾರಿ ಭತ್ಯೆಯಲ್ಲಿ ಹಿಡಿಯಬಹುದು, ಬೇಲಿಫ್ ಕೈಗೆ ಕೊಡಬಹುದು. 2014ರ ಏಪ್ರಿಲ್ 6ರಿಂದ ಕಾನೂನಿನಲ್ಲಿ ಬೇಲಿಫ್ ಹೋಗಿ ‘ಎನ್‌ಫೋರ್ಸ್‌ಮೆಂಟ್ ಏಜೆಂಟ್’ ಬಂದಿದೆ. ಜನರ ಬಾಯಲ್ಲಿ ಈಗಲೂ ಬೇಲಿಫೇ. ‘ಜಾರಿ’ ಸೇರಿಸಿ ಏನನ್ನೂ ಕಟ್ಟಬೇಡಿ. ‘ಜಾರಿ ಅಧಿಕಾರಿಗಳು ಮನೆಗೆ ಬಂದರು’ ಎಂದರೆ ಇವತ್ತಿನ ಕನ್ನಡ ಪತ್ರಿಕೆ ಓದುಗನಿಗೆ ಅದು ಇ.ಡಿ. ದಾಳಿ. ‘ವಸೂಲಿ ಏಜೆಂಟ್’ ಕೂಡ ಬೇಡ. ಬ್ಯಾಂಕಿನ ಪರವಾಗಿ ಫೋನ್ ಮಾಡಿ ಕಾಡುವ ವಸೂಲಿಯವರಿಗೆ ವಸ್ತು ಎತ್ತುವ ಅಧಿಕಾರ ಇಲ್ಲ, ಅಲ್ಲೂ ಇಲ್ಲ. ಬೇಲಿಫ್‌ಗೆ ಇದೆ. ಕೈಪಿಡಿ ಓದಿದವರಿಗೆ ಇದೊಂದು ವ್ಯತ್ಯಾಸ ತಿಳಿದರೂ ಪುಣ್ಯ.

ಶುಲ್ಕದ ಭಾಗವನ್ನು ಕರಡಿನಲ್ಲಿ ‘ಅನುಸರಣೆ ಹಂತ’, ‘ಜಾರಿ ಹಂತ’ ಎಂದು ಬರೆದಿದ್ದಾರೆ. ಏನು ನಡೆದರೆ ದುಡ್ಡು ಏರುತ್ತದೆ ಎಂಬುದನ್ನೇ ಹೆಸರಾಗಿಸಿ: ಪತ್ರದ ಹಂತ, ಭೇಟಿಯ ಹಂತ, ಮಾರಾಟದ ಹಂತ. 2014ರ ನಿಯಮದಲ್ಲಿ ನಿಗದಿಯಾದದ್ದು ಕ್ರಮವಾಗಿ 75, 235, 110 ಪೌಂಡ್. ಅದೇ ನಿಯಮದಲ್ಲಿ ಬಾಕಿ 1,500 ಪೌಂಡ್ ದಾಟಿದರೆ ಕೊನೆಯ ಎರಡು ಹಂತಗಳಲ್ಲಿ ದಾಟಿದ ಮೊತ್ತದ ಮೇಲೆ 7.5 ಶೇಕಡಾ ಸೇರುತ್ತದೆ. ಕೈಪಿಡಿಯಲ್ಲಿ ಅಂಕಿಗಿಂತ ‘ನಿಮಗೆ ಬಂದ ನೋಟಿಸಿನಲ್ಲಿರುವ ಮೊತ್ತ ನೋಡಿ’ ಎಂದು ಬರೆದರೆ ದರ ಬದಲಾದರೂ ಕೆಡುವುದಿಲ್ಲ. ಮೊದಲನೆಯದು ಕಡತ ಬೇಲಿಫ್ ಕಂಪನಿಗೆ ಹೋದ ಕೂಡಲೇ ಬೀಳುತ್ತದೆ. ಎರಡನೆಯದು ಅವರು ಬಾಗಿಲಿಗೆ ಬಂದ ದಿನ. ಅಂದರೆ ಪತ್ರ ಬಂದಾಗಲೇ ಫೋನ್ ಮಾಡಿ ಕಂತಿಗೆ ಒಪ್ಪಿಸಿದರೆ ಆ ಭೇಟಿಯ ಶುಲ್ಕ ಉಳಿಯುತ್ತದೆ. ಎರಡು ವರ್ಷದ ಎರಡು ಹೊಣೆ ಆದೇಶಗಳನ್ನು ಒಂದೇ ಕಂಪನಿ ಒಟ್ಟಿಗೆ ನಿಭಾಯಿಸಲು ಸಾಧ್ಯವಿರುವಾಗ ಭೇಟಿಯ ಶುಲ್ಕ ಒಂದೇ ಸಲ ಹಾಕಬೇಕು. ಎರಡು ಹಾಕಿದ್ದರೆ ಪ್ರಶ್ನಿಸಬಹುದು. ಆಮೇಲೆ ಕೌನ್ಸಿಲ್‌ಗೆ ನೇರವಾಗಿ ಬಾಕಿ ಕಟ್ಟಿದರೂ ಅಲ್ಲಿಯವರೆಗೆ ಬಿದ್ದ ಶುಲ್ಕ ಅಳಿಯುವುದಿಲ್ಲ.

ಭೇಟಿಗೆ ಮುಂಚೆ ‘ಸೆವೆನ್ ಕ್ಲಿಯರ್ ಡೇಸ್’ ನೋಟಿಸ್ ಬೇಕು. ಇದನ್ನು ‘ಏಳು ಸ್ಪಷ್ಟ ದಿನ’ ಎಂದಿದ್ದಾರೆ, ನಗು ಬರುತ್ತದೆ. ‘ನಡುವೆ 7 ಪೂರಾ ದಿನ’ ಎನ್ನಿ. ನೋಟಿಸ್ ಕೊಟ್ಟ ದಿನ ಮತ್ತು ಬರುವ ದಿನ ಲೆಕ್ಕಕ್ಕಿಲ್ಲ, ಭಾನುವಾರ ಮತ್ತು ಬ್ಯಾಂಕ್ ರಜೆಯೂ ಇಲ್ಲ.

ಬಾಗಿಲಿನ ವಿಷಯ ಬಿಡಿಸಿ ಬರೆಯಿರಿ. ಕರಡಿನ ‘ಶಾಂತಿಯುತ ಪ್ರವೇಶ’ ಯಾರಿಗೂ ಏನೂ ಹೇಳುವುದಿಲ್ಲ. ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಮೊದಲ ಸಲ ಬಂದ ಬೇಲಿಫ್ ಬಾಗಿಲು ಒಡೆಯುವಂತಿಲ್ಲ, ನಿಮ್ಮನ್ನು ತಳ್ಳಿ ನುಗ್ಗುವಂತಿಲ್ಲ, ಬಾಗಿಲ ಸಂದಿಗೆ ಕಾಲು ಕೊಡುವಂತಿಲ್ಲ, ಕಿಟಕಿಯಿಂದ ಹತ್ತಿ ಬರುವಂತಿಲ್ಲ. ಆದರೆ ಚಿಲಕ ಹಾಕದ ಬಾಗಿಲನ್ನು ತೆರೆದುಕೊಂಡು ಒಳಗೆ ಬಂದರೆ ಅದು ಕಾನೂನಿನ ಪ್ರಕಾರ ಸರಿಯಾದ ಪ್ರವೇಶ. ಹಗಲು ಹೊತ್ತು ಮುಂಬಾಗಿಲು ತೆಗೆದಿಡುವ ನಮ್ಮ ಹಿರಿಯರಿಗೆ ಇದನ್ನು ಹೇಳಲೇಬೇಕು. ಬೆಳಗ್ಗೆ 6ರಿಂದ ರಾತ್ರಿ 9ರವರೆಗೆ ಬರಬಹುದು. ಮನೆಯಲ್ಲಿ 16ರೊಳಗಿನ ಮಕ್ಕಳಷ್ಟೇ ಇದ್ದರೆ ಒಳಗೆ ಬರುವಂತಿಲ್ಲ. ಬಾಗಿಲು ತೆರೆಯದೆ ಲೆಟರ್‌ಬಾಕ್ಸಿನ ಕಿಂಡಿಯಿಂದಲೇ ಗುರುತಿನ ಚೀಟಿ ತೋರಿಸಿ ಎನ್ನಬಹುದು. ಪ್ರಮಾಣಪತ್ರ ಇರುವ ಏಜೆಂಟರ ಪಟ್ಟಿ ಆನ್‌ಲೈನಿನಲ್ಲಿದೆ, ಹೆಸರು ತಾಳೆ ನೋಡಬಹುದು. ಮನೆ ಹೊರಗೆ ಅಥವಾ ಬೀದಿಯಲ್ಲಿ ನಿಂತ ಕಾರಿಗೆ ಮಾತ್ರ ಈ ರಕ್ಷಣೆ ಇಲ್ಲ, ಚಕ್ರಕ್ಕೆ ಬೀಗ ಹಾಕಬಹುದು.

ಇಂಗ್ಲಿಷಿನ ‘ವಲ್ನರಬಲ್ ಪರ್ಸನ್’ಗೆ ಕರಡಿನಲ್ಲಿರುವ ‘ದುರ್ಬಲ ವ್ಯಕ್ತಿ’ ನಮ್ಮಲ್ಲಿ ‘ಆರ್ಥಿಕವಾಗಿ ದುರ್ಬಲ ವರ್ಗ’ವಾಗಿ ಓದಿಸಿಕೊಳ್ಳುತ್ತದೆ. ಒಂದೇ ಪದಕ್ಕೆ ಹಟ ಹಿಡಿಯದೆ ‘ವಿಶೇಷ ಕಾಳಜಿ ಬೇಕಾದವರು’ ಎಂದು ಬರೆದು ಎಣಿಸಿಬಿಡಿ: ವಯಸ್ಸಾದವರು, ಅಂಗವಿಕಲರು, ತೀವ್ರ ಕಾಯಿಲೆಯವರು, ಗರ್ಭಿಣಿಯರು, ಇತ್ತೀಚೆಗೆ ಮನೆಯಲ್ಲಿ ಸಾವಾದವರು. ಅಲ್ಲಿನ ಸರ್ಕಾರದ ಮಾರ್ಗಸೂಚಿಯಲ್ಲಿ ಇಂಗ್ಲಿಷ್ ಅರ್ಥವಾಗದವರೂ ಈ ಪಟ್ಟಿಯಲ್ಲಿದ್ದಾರೆ. ಊರಿಂದ ಬಂದ ಅತ್ತೆ-ಮಾವ ಇಬ್ಬರೇ ಮನೆಯಲ್ಲಿದ್ದಾಗ ಬೇಲಿಫ್ ಬಂದರೆ ಇದೇ ಆಧಾರ. ಆಮೇಲೆ ಕೌನ್ಸಿಲ್‌ಗೂ ಬೇಲಿಫ್ ಕಂಪನಿಗೂ ಬರೆದು ತಿಳಿಸಿ ಕಡತ ವಾಪಸ್ ಪಡೆಯಲು ಕೇಳಬೇಕು.

ಸಾಲ ವಸೂಲಿಗೆ ಕೆಲಕಾಲ ತಡೆ ಕೊಡುವ ‘ಬ್ರೀದಿಂಗ್ ಸ್ಪೇಸ್’ ಯೋಜನೆಗೆ ‘ಉಸಿರಾಟದ ಜಾಗ’ ಬೇಡವೇ ಬೇಡ, ‘60 ದಿನದ ವಾಯಿದೆ’ ಎಂದರೆ ಮುಗಿಯಿತು. 2021ರ ಮೇ 4ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿದೆ. ಸಾಲ ಸಲಹೆಗಾರರ ಮೂಲಕವೇ ಪಡೆಯಬೇಕು, ಅದು ನಡೆಯುವಾಗ ಬೇಲಿಫ್ ಬರುವಂತಿಲ್ಲ. ಸ್ಕಾಟ್ಲೆಂಡಿನ ಓದುಗರಿದ್ದರೆ ಈ ಕೈಪಿಡಿ ಅವರಿಗಲ್ಲ ಎಂದು ಮೊದಲ ಪುಟದಲ್ಲೇ ಹೇಳಿ. ಅಲ್ಲಿ ಬರುವವರು ಶೆರಿಫ್ ಆಫೀಸರ್, ಕ್ರಮವೇ ಬೇರೆ.

ಉತ್ತರ 2

ಕೋರ್ಟಿನ ಕನ್ನಡದ ಕಡೆಯಿಂದ ನಾಲ್ಕು ಮಾತು. ‘ಅಮೀನ’ ಕೇಳಿದೊಡನೆ ನಮ್ಮವರ ಕಣ್ಣಿಗೆ ಒಂದು ಚಿತ್ರ ಬರುತ್ತದೆ: ಭೂಸ್ವಾಧೀನದ ಪರಿಹಾರ ಕೊಡದ ಕಚೇರಿಯಿಂದ ಕುರ್ಚಿ, ಟೇಬಲ್, ಕಂಪ್ಯೂಟರ್ ಹೊರಗೆ ಸಾಗಿಸುತ್ತಿರುವ ಕೋರ್ಟಿನವರು, ಪಕ್ಕದಲ್ಲಿ ಅರ್ಜಿದಾರರ ವಕೀಲರು. ಆ ಮಟ್ಟಿಗೆ ಹೋಲಿಕೆ ಸರಿ. ಮುಂದೆ ಮೂರು ಕಡೆ ದಾರಿ ತಪ್ಪಿಸುತ್ತದೆ. ಒಂದು, ಅಮೀನ ಕೋರ್ಟಿನ ಸಂಬಳದ ನೌಕರ. ಅಲ್ಲಿನ ಬೇಲಿಫ್ ಹೆಚ್ಚಾಗಿ ಖಾಸಗಿ ಕಂಪನಿಯವನು. ಎರಡು, ಇಲ್ಲಿ ಜಪ್ತಿ ವಾರಂಟಿನ ಪ್ರೋಸೆಸ್ ಫೀಯನ್ನು (ಅದನ್ನು ಜಾರಿ ಮಾಡುವ ಖರ್ಚನ್ನು) ಮೊದಲು ಕಟ್ಟುವವನು ಡಿಕ್ರಿ ಪಡೆದವನು. ಅಲ್ಲಿ ಹಂತ ಹಂತದ ಶುಲ್ಕ ನೇರವಾಗಿ ಬಾಕಿದಾರನ ಲೆಕ್ಕಕ್ಕೆ ಏರುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 62ನೇ ಕಲಮಿನ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಾಸದ ಮನೆ ಹೊಗುವಂತಿಲ್ಲ, ಆದರೆ ಬಾಕಿದಾರ ತನ್ನ ಮನೆಗೆ ಬಿಡದಿದ್ದರೆ ಹೊರಬಾಗಿಲು ಒಡೆಯಬಹುದು. ಇಂಗ್ಲೆಂಡಿನ ಕೌನ್ಸಿಲ್ ಟ್ಯಾಕ್ಸ್ ಬೇಲಿಫ್‌ಗೆ ಹೊತ್ತು ಹೆಚ್ಚು, ಬಾಗಿಲಿನ ಅಧಿಕಾರ ಕಡಿಮೆ. ಊರಿನ ಅಮೀನನನ್ನು ನೆನೆದುಕೊಂಡವರು ‘ಹೇಗೂ ಒಡೆಯುತ್ತಾರೆ’ ಎಂದು ಹೆದರಿ ಬಾಗಿಲು ತೆಗೆದುಬಿಡುತ್ತಾರೆ. ಆದ್ದರಿಂದ ‘ಬೇಲಿಫ್’ ಎಂದೇ ಇಟ್ಟು, ಮೊದಲ ಸಲ ಮಾತ್ರ ‘ನಮ್ಮ ಕೋರ್ಟಿನ ಅಮೀನನಂತೆ ಜಪ್ತಿಗೆ ಬರುವವನು, ಆದರೆ ಅಧಿಕಾರ ಬೇರೆ’ ಎಂದು ವಿವರಿಸಿ.

ಜಪ್ತಿ ಮತ್ತು ಮುಟ್ಟುಗೋಲನ್ನು ಅದಲುಬದಲು ಮಾಡಬೇಡಿ. ಮುಟ್ಟುಗೋಲು ಎಂದರೆ ಸೊತ್ತು ಸರ್ಕಾರದ ಪಾಲಾಯಿತು ಎಂಬ ಭಾವನೆ ಬರುತ್ತದೆ. ಇಲ್ಲಿ ವಸ್ತುವನ್ನು ಸಾಲಕ್ಕೆ ಹಿಡಿದಿಡುವುದು, ಬಾಕಿ ತೀರಿದರೆ ಬಿಡುವುದು; ಅದು ಜಪ್ತಿ. ಜಪ್ತಿಗೆ ಸಿಗದ ವಸ್ತುಗಳ ಪಟ್ಟಿ ನಮ್ಮ 60ನೇ ಕಲಮಿನಲ್ಲೂ ಇದೆ: ಅಡುಗೆ ಪಾತ್ರೆ, ಹಾಸಿಗೆ-ಹೊದಿಕೆ, ಕುಶಲಕರ್ಮಿಯ ಉಪಕರಣ, ಹೆಣ್ಣುಮಕ್ಕಳು ಧರ್ಮದ ರೂಢಿಯಂತೆ ಮೈಮೇಲಿಂದ ತೆಗೆಯಬಾರದ ಒಡವೆ. ಇಂಗ್ಲೆಂಡಿನ ಪಟ್ಟಿಯಲ್ಲಿ ಒಲೆ ಅಥವಾ ಮೈಕ್ರೋವೇವ್, ಫ್ರಿಜ್, ವಾಷಿಂಗ್ ಮೆಷಿನ್, ಮನೆಮಂದಿಗೆ ಸಾಕಾಗುವಷ್ಟು ಹಾಸಿಗೆ, ಊಟದ ಟೇಬಲ್-ಕುರ್ಚಿ, ಒಂದು ಫೋನ್, ಮತ್ತು ಒಟ್ಟು 1,350 ಪೌಂಡ್ ಬೆಲೆಯವರೆಗಿನ ಕಸುಬಿನ ಸಾಮಾನು ಬರುತ್ತವೆ. ಬೇರೆಯವರ ವಸ್ತುವೂ ಹೊರಗೆ. ಒಂದೇ ಮನೆ ಹಂಚಿಕೊಂಡಿರುವ ಹುಡುಗರು ಲ್ಯಾಪ್‌ಟಾಪ್, ಟಿ.ವಿ. ಕೊಂಡ ರಸೀದಿಗಳನ್ನು ಅವರವರ ಹೆಸರಿನಲ್ಲಿ ಇಟ್ಟುಕೊಂಡಿರಬೇಕು, ಬಾಯಿಮಾತು ಸಾಲದು.

‘ಕಂಟ್ರೋಲ್ಡ್ ಗೂಡ್ಸ್ ಅಗ್ರಿಮೆಂಟ್’ಗೆ ಕರಡಿನ ‘ಸರಕು ನಿಯಂತ್ರಣ ಒಪ್ಪಂದ’ ಎಂದರೆ ಲಾರಿ ಸಾಗಣೆಯ ಕಾಗದದಂತಿದೆ. ನಮ್ಮಲ್ಲಿ ಇದಕ್ಕೆ ಹತ್ತಿರದ ಪದ ‘ಸುಪರ್ದಿ’. ಜಪ್ತಿಯಾದ ವಸ್ತುವನ್ನು ಪಟ್ಟಿ ಮಾಡಿ ಜವಾಬ್ದಾರರ ಸುಪರ್ದಿಗೆ ಬಿಡುವುದು ಗೊತ್ತಿದ್ದದ್ದೇ. ಅಲ್ಲಿ ಬಾಕಿದಾರನ ಸುಪರ್ದಿಗೇ ಬಿಟ್ಟು ಕಂತು ಬರೆಸಿಕೊಳ್ಳುತ್ತಾರೆ. ‘ಸುಪರ್ದಿ ಕರಾರು’ ಎನ್ನಿ. ಕೆಳಗೆ ಮೂರು ಪರಿಣಾಮ ಬರೆಯಿರಿ. ಸಹಿ ಮಾಡಿದ ಮೇಲೆ ಪಟ್ಟಿಯಲ್ಲಿರುವ ವಸ್ತುವನ್ನು ಮಾರುವುದು, ಸಾಗಿಸುವುದು ಅಪರಾಧ. ಕಂತು ತಪ್ಪಿದರೆ 2 ಪೂರಾ ದಿನದ ನೋಟಿಸ್ ಕೊಟ್ಟು ಮತ್ತೆ ಬರಬಹುದು. ಆಗ, ಮೊದಲ ಸಲ ಇಲ್ಲದ ಅಧಿಕಾರ – ಬಲ ಬಳಸಿ ಒಳಹೋಗುವುದು – ಅವರಿಗೆ ಬಂದಿರುತ್ತದೆ. ಕಟ್ಟಲಾಗದ ಕಂತಿಗೆ ಒಪ್ಪಿ ಸಹಿ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಇನ್ನೊಂದೇ ಸಂದೇಹ. ಬಾಕಿ ಉಳಿಸಿಕೊಂಡವರಿಗೆ ಸಹಕಾರ ಸಂಘದ ನೋಟಿಸುಗಳಲ್ಲಿ ಬರುವ ‘ಸುಸ್ತಿದಾರ’ ಬಳಸಿದರೆ ತಪ್ಪೇ?

ಉತ್ತರ 1

ಅರ್ಥ ಸರಿ, ಕೈಪಿಡಿಗೆ ಒಗ್ಗುವುದಿಲ್ಲ. ಸೊಸೈಟಿ ಬೋರ್ಡಿನ ಮೇಲೆ ಸುಸ್ತಿದಾರರ ಪಟ್ಟಿ ಅಂಟಿಸಿದ್ದನ್ನು ನೋಡಿದವರಿಗೆ ಅದು ಮರ್ಯಾದೆ ಹೋದ ಪದ, ಹೊಸ ತಲೆಮಾರಿನವರಿಗೆ ಬರೀ ಆಯಾಸ. ‘ಬಾಕಿ ಇರುವವರು’ ಎಂದು ಬರೆಯಿರಿ. ಬೇಲಿಫ್ ಪುಟದ ಮೊದಲ ವಾಕ್ಯ ಹೀಗಿರಬಹುದು: ‘ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಹೊಣೆ ಆದೇಶವಾಗಿ ಬೇಲಿಫ್ ಕಂಪನಿಯ ಪತ್ರ ಬಂದರೆ, ಅವರು ಬರುವ ಮುಂಚೆಯೇ ಫೋನ್ ಮಾಡಿ ನಿಮ್ಮ ಕೈಲಾಗುವ ಕಂತನ್ನು ಹೇಳಿ, ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ, ಮುಂಬಾಗಿಲಿಗೆ ಚಿಲಕ ಹಾಕಿಡಿ.’